ಪಿನ್ನು ಹಿಡಿಯುವ ಮುಖ

ಅಕ್ಕನ ಕಾರು ಹದಿನೈದು ದಿನದಿಂದ ಗುನುಗುತ್ತಿತ್ತು. ವೇಗ ನಲವತ್ತು ದಾಟಿದರೆ ಸಾಕು, ಮುಂದಿನ ಎಡಗಾಲಿಯಲ್ಲಿ ಯಾವುದೋ ದುಂಬಿ ‘ಗೂಂ’ ಎಂದು ಆಲಾಪ ತೆಗೆಯುತ್ತಿತ್ತು. ಬಲಕ್ಕೆ ತಿರುಗಿಸಿದರೆ ‘ಗ್ರ್ರೂಂ’, ಎಡಕ್ಕೆ ತಿರುಗಿಸಿದರೆ ಗಪ್‌ಚುಪ್. ಊಟದ ಮೇಜಿನ ಮುಂದೆ ನಾನು ಅದನ್ನು ತಿರುವುಗಳ ಸಮೇತ ಮಾಡಿ ತೋರಿಸಿದೆ. ಅಕ್ಕ ನಗಲಿಲ್ಲ.

“ಗಾಲಿಗಾದ್ರೂ ಹೊಸ ಬೇರಿಂಗ್ ಹಾಕಿಸಬಹುದು, ನಿನ್ನ ಬಾಯಿಗೆ ಏನು ಹಾಕಿಸ್ಲಿ? ಸೋಮವಾರ ಬೆಳಿಗ್ಗೆ ಗಾಡಿ ತಪಾಸಣೆ ಇದೆ ಕಣೋ. ಫೇಲಾದ್ರೆ ಮಕ್ಕಳನ್ನ ಬೇರೆ ಗಾಡಿಗೆ ಹಾಕ್ತಾರೆ.”

ಮಕ್ಕಳು ಎಂದರೆ ನಾಲ್ವರು. ನಡೆಯಲಾಗದ ಮಕ್ಕಳನ್ನು ಮನೆಯಿಂದ ಎತ್ತಿ ಕೂರಿಸಿ ಶಾಲೆಗೆ ಮುಟ್ಟಿಸುವುದು ಆರು ವರ್ಷದಿಂದ ಅಕ್ಕನ ಕೆಲಸ. ಯಾರಿಗೆ ಕಿಟಕಿ ಬೇಕು, ಯಾರ ಬೆನ್ನಿಗೆ ಎರಡು ದಿಂಬು ಬೇಕು, ಯಾರು ಮೂರನೇ ತಿರುವಿನಲ್ಲಿ ವಾಂತಿ ಮಾಡುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ.

ನೆಟ್ಟಗೆ ನಟ್ಟು ಮಾಮನ ಗ್ಯಾರೇಜಿಗೆ ಹೋಗಬೇಕಿತ್ತು. ನಮ್ಮ ಬೀದಿಯ ಕೊನೆಯಲ್ಲೇ ಇದೆ. ಆದರೆ ನನಗೆ ಮುಖವಿರಲಿಲ್ಲ. ಮಾಮ ಮಾತಿಗೆ ಮುಂಚೆ ಮೂರು ಸಲ ಗಂಟಲು ಕೆರೆಯುತ್ತಾರೆ: ಹ್ಹೂಂ, ಹ್ಹೂಂ, ಹ್ಹ್ರೂಂ. ಚಳಿಗೆ ಮುನಿಸಿಕೊಂಡ ಹಳೇ ಎಂಜಿನ್ನಿನ ಹಾಗೆ ಮೂರನೆಯದಕ್ಕೇ ಸ್ಟಾರ್ಟು. ಅಕ್ಕನ ಮಗಳ ಹುಟ್ಟುಹಬ್ಬದಲ್ಲಿ ನಾನು ಇದನ್ನು ಚೋಕ್ ಎಳೆಯುವ ಅಭಿನಯದೊಂದಿಗೆ ಮಾಡಿ ಇಡೀ ಮನೆಯನ್ನು ನಗಿಸಿದ್ದೆ. ತಿರುಗಿ ನೋಡಿದರೆ ಕೇಕಿನ ತಟ್ಟೆ ಹಿಡಿದು ಮಾಮ ಬಾಗಿಲಲ್ಲೇ ನಿಂತಿದ್ದರು. ಅಂದಿನಿಂದ ನಾನು ಆ ಗ್ಯಾರೇಜಿನ ಮುಂದೆ ಹಾಯುವಾಗ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದೆ, ಬ್ಯಾಟರಿ ಸತ್ತಿದ್ದರೂ.

“ನಾನೇ ಮಾಡ್ತೀನಕ್ಕ. ಭೌತಶಾಸ್ತ್ರದ ಮೇಷ್ಟ್ರು ನಾನು. ಬೇರಿಂಗ್ ಅಂದ್ರೆ ಏನು, ಘರ್ಷಣೆ ತಾನೇ?”

“ನಮ್ಮಿಬ್ಬರ ಮಧ್ಯೆ ಆಗೋದೂ ಅದೇ, ನೋಡ್ಕೋ” ಎಂದಳು ಅಕ್ಕ.

ಶನಿವಾರ ಕಾಲೇಜಿನ ವರ್ಕ್‌ಶಾಪಿಗೆ ಕಾರು ಒಯ್ದೆ. ಗಾಲಿ ಬಿಚ್ಚಿ, ಬ್ರೇಕಿನ ಭಾಗವನ್ನು ತಂತಿಯಿಂದ ತೂಗುಹಾಕಿ, ಗಾಲಿಯನ್ನು ಹೊರುವ ಕಬ್ಬಿಣದ ಗೆಣ್ಣನ್ನು ಕಳಚಿ, ಬೇರಿಂಗನ್ನು ಒತ್ತಿ ತೆಗೆಯುವ ಪ್ರೆಸ್ಸಿನ ಕೆಳಗಿಟ್ಟೆ. ಹಳೆಯ ಬೇರಿಂಗು ‘ಟಣ್’ ಎಂದು ಹೊರಬಂತು. ಹೊಸದನ್ನು ಕೈಯಲ್ಲಿ ಹಿಡಿದೆ. ಬಳೆಯಷ್ಟು ದುಂಡಗೆ, ಎರಡು ಮುಖ. ಒಂದು ಸಾದಾ, ಇನ್ನೊಂದು ನುಣ್ಣಗೆ ಕಂದುಬಣ್ಣ. ಚೆಂದದ ಮುಖ ಹೊರಗಿರಲಿ ಎಂದು ಫೋಟೋ ತೆಗೆಯುವವನ ಹಾಗೆ ತಿರುಗಿಸಿ ಒತ್ತಿದೆ. ಎಲ್ಲ ಜೋಡಿಸಿ ಹೊರಟರೆ ಗೂಂ ಮಾಯ! ಸಿಳ್ಳೆ ಹಾಕುತ್ತ ಗೇಟು ದಾಟಿದೆ. ಬೀದಿಯ ತಿರುವು ಬಂತು. ಮೀಟರಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತು: ಎಬಿಎಸ್, ಜೋರಾಗಿ ಬ್ರೇಕು ಹಾಕಿದಾಗ ಗಾಲಿ ಜಾರದಂತೆ ಕಾಯುವ ಏರ್ಪಾಡು.

ಗಾಲಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಪಕ್ಕದಲ್ಲೇ ಕೂತ ಸೆನ್ಸರು ಎಣಿಸುತ್ತದೆ. ಆ ಲೆಕ್ಕ ತಪ್ಪಿದರೆ ಈ ದೀಪ. ದೀಪ ಉರಿಯುತ್ತಿದ್ದರೆ ತಪಾಸಣೆಯಲ್ಲಿ ಪಾಸಿಲ್ಲ. ಹೊಸ ಸೆನ್ಸರು ತಂದು ಹಾಕಿದೆ. ಕೀಲಿ ತಿರುಗಿಸಿದಾಗ ದೀಪ ಆರಿತು, ತಿರುವಿನಲ್ಲಿ ಮತ್ತೆ ಹೊತ್ತಿತು. ವೈರು ಒರೆಸಿದೆ, ಪ್ಲಗ್ಗು ಊದಿದೆ, ದೀಪಕ್ಕೆ ಬೈದೆ. ದೀಪ ಮಾತ್ರ ಅಕ್ಕನ ಕಣ್ಣಿನ ಹಾಗೆ ನನ್ನನ್ನೇ ನೋಡುತ್ತಿತ್ತು.

ಭಾನುವಾರ ಮಧ್ಯಾಹ್ನ ಅಕ್ಕ ಹಿಂದಿನ ಸೀಟಿನ ದಿಂಬುಗಳನ್ನು ಒಂದೊಂದಾಗಿ ಒಳಗೆ ತಂದಿಡತೊಡಗಿದಳು. ಬಾಯಿಬಿಟ್ಟು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನಡಿಯಕ್ಕ, ಮಾಮನ ಹತ್ರ ಹೋಗೋಣ” ಎಂದೆ.

ಗ್ಯಾರೇಜಿಗೆ ರಜೆ. ಮಾಮ ಬನಿಯನ್ನಿನಲ್ಲಿ ಬಾಗಿಲ ಬಳಿ ಕೂತು ಪೇಪರು ಓದುತ್ತಿದ್ದರು. ನನ್ನನ್ನು ನೋಡಿ ಹ್ಹೂಂ, ಹ್ಹೂಂ, ಹ್ಹ್ರೂಂ ಎಂದರು. ನನ್ನ ಕಿವಿ ಬಿಸಿಯಾಯಿತು.

“ಬನ್ನಿ ಮೇಷ್ಟ್ರೇ. ಗೂಂ ನಿಂತಿದೆ. ಮತ್ಯಾಕೆ ಈ ಮುಖ?”

ಎಲ್ಲ ಹೇಳಿದೆ. ಮಾಮ ಒಂದೇ ಬೋಲ್ಟು ಬಿಚ್ಚಿ ಸೆನ್ಸರು ಹೊರತೆಗೆದರು. ಜೇಬಿನಲ್ಲಿದ್ದ, ಕಾಗದಕ್ಕೆ ಚುಚ್ಚುವ ಪಿನ್ನನ್ನು ದಾರದ ತುದಿಗೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟರು. ಪಿನ್ನು ಸುಮ್ಮನೆ ತೂಗಾಡಿತು.

“ಹಿಡಿಯಲ್ಲ, ನೋಡಿ” ಎಂದು ಒಳಗೆ ಹೋದರು. ಬರುವಾಗ ಕೈಯಲ್ಲೊಂದು ಹೊಸ ಬೇರಿಂಗ್. ಪಿನ್ನನ್ನು ಸಾದಾ ಮುಖಕ್ಕೆ ತಾಗಿಸಿದರು, ಬಿದ್ದುಹೋಯಿತು. ಕಂದು ಮುಖಕ್ಕೆ ತಾಗಿಸಿದರು, ಅಂಟಿಕೊಂಡಿತು. “ಈ ಅಂಚಿನ ತುಂಬ ಪುಟ್ಟಪುಟ್ಟ ಕಾಂತ. ಸೆನ್ಸರು ಎಣಿಸೋದು ಇದನ್ನೇ. ಒಳಮುಖವಾಗಿ ಇರಬೇಕಾದ್ದನ್ನ ನೀವು ಬೀದಿ ಕಡೆ ತಿರುಗಿಸಿದೀರಿ. ಅದು ಹೋಗೋ ಬರೋರನ್ನ ಎಣಿಸ್ತಾ ಕೂತಿದೆ.”

ಅಕ್ಕ ನನ್ನತ್ತ ತಿರುಗಿದಳು. “ಕಾಲೇಜಲ್ಲಿ ಏನೋ ಪಾಠ ಮಾಡ್ತೀಯ ನೀನು?”

“ಕಾಂತತ್ವ” ಎಂದೆ, ನೆಲ ನೋಡುತ್ತ.

ನಕ್ಕಿದ್ದು ಮಾಮ ಮೊದಲು. ಆಮೇಲೆ ಅಕ್ಕ. ಎರಡು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

ಆದರೂ ಒಂದು ತೊಡಕಿತ್ತು. ಒಮ್ಮೆ ಒತ್ತಿ ಕೂರಿಸಿದ ಬೇರಿಂಗನ್ನು ಹೊರತೆಗೆದರೆ ಅದು ಕೆಡುತ್ತದೆ, ಮತ್ತೆ ಹಾಕುವಂತಿಲ್ಲ. ಅಂಗಡಿಗಳಿಗೆ ಭಾನುವಾರ ಬೀಗ. “ಮಾಮ, ಕೈಯಲ್ಲಿರೋದು ಯಾರ ಗಾಡೀದು?”

“ನಿಮ್ಮಕ್ಕಂದೇ. ದಿನಾ ಬೆಳಿಗ್ಗೆ ಎಂಟಕ್ಕೆ ಇಲ್ಲಿಂದ ಗೂಂ ಅಂತ ಹೋಗ್ತಿತ್ತು. ಮಕ್ಕಳು ಕೂರೋ ಗಾಡಿ. ಹತ್ತು ದಿನದ ಹಿಂದೆಯೇ ತಂದಿಟ್ಟೆ. ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ಕಾದೆ. ನಾನಾಗೇ ಕೇಳೋಣ ಅಂದ್ರೆ...” ಮಾಮ ಗಂಟಲಿಗೆ ಕೈಯಿಟ್ಟುಕೊಂಡರು. “ಗಾಡಿ ಸ್ಟಾರ್ಟ್ ಆಗ್ಲಿಲ್ಲ.”

ಜಾಕು ತಂದು ಕಾರಿನ ಕೆಳಗಿಟ್ಟೆ.

ಮೂರು ಗಂಟೆ ಮಾಮ ಹೇಳಿದ್ದನ್ನೇ ಮಾಡಿದೆ. ಒತ್ತುವ ಮೊದಲು ಪಿನ್ನನ್ನು ನನ್ನ ಕೈಗೇ ಕೊಟ್ಟು ಮುಖ ಪತ್ತೆ ಮಾಡಿಸಿದರು. ಹೊರಬಂದ ನನ್ನ ಬೇರಿಂಗನ್ನು ಬಿಸಾಡಹೋದರೆ ಕಸಿದುಕೊಂಡು ಗೋಡೆಯ ಮೊಳೆಗೆ ನೇತುಹಾಕಿದರು. ಅಲ್ಲಿ ಆಗಲೇ ತುಕ್ಕುಹಿಡಿದದ್ದೊಂದು ತೂಗುತ್ತಿತ್ತು.

“ಅದು ನಂದು. ಮೊದಲ ಸಲ ನಾನೂ ತಿರುಗಾಮುರುಗಾ ಹಾಕಿದ್ದೆ. ಗೋಡೇಲಿ ತೂಗೋದು ಅದೊಂದೇ ನನ್ನ ಡಿಗ್ರಿ. ಇವತ್ತು ನಿಮಗೂ ಒಂದಾಯ್ತು.”

ಸಂಜೆಯ ಬೆಳಕಿರುವಾಗಲೇ ಅಕ್ಕ ಸ್ಟೀರಿಂಗ್ ಹಿಡಿದಳು. ಕೀಲಿ ತಿರುಗಿಸಿದಾಗ ದೀಪ ಹೊತ್ತಿ ಆರಿತು. ಅದನ್ನು ನಾನು ನಂಬಲಿಲ್ಲ. ತಿರುವು ಬಂತು. ಉಸಿರು ಹಿಡಿದೆ. ತಿರುವು ಹೋಯಿತು. ಇನ್ನೊಂದು ತಿರುವೂ ಹೋಯಿತು. ಅಕ್ಕ ಎಡಗೈಯಿಂದ ನನ್ನ ತಲೆಗೊಂದು ಮೊಟಕಿದಳು. ಅಷ್ಟು ಹಿತವಾದ ಏಟನ್ನು ನಾನು ತಿಂದಿರಲಿಲ್ಲ.

ಸೋಮವಾರ ಪಾಸಾದ ಚೀಟಿ ಹಿಡಿದು ಅಕ್ಕ ಮನೆಗೆ ಬರುವ ಮೊದಲು ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದಳು. ನಾನೂ ಇಳಿದೆ. ಹೇಳಬೇಕಾದ್ದನ್ನು ರಾತ್ರಿಯೆಲ್ಲ ಹತ್ತು ದನಿಗಳಲ್ಲಿ ಅಭ್ಯಾಸ ಮಾಡಿದ್ದೆ. ಬಾಯಿ ತೆರೆದರೆ ಒಂದೂ ಬರಲಿಲ್ಲ. ಎರಡು ಸಲ ಗಂಟಲು ಕೆರೆದೆ.

“ಮಾಮ, ಅವತ್ತಿಂದು ತಪ್ಪಾಯ್ತು. ಇವತ್ತಿಂದು... ನಿಮ್ಮ ಉಪಕಾರ ಮರೆಯಲ್ಲ.”

ಮಾಮ ತಲೆ ಓರೆ ಮಾಡಿ, ಎಂಜಿನ್ ಆಲಿಸುವ ಹಾಗೆ ಆಲಿಸಿದರು.

“ಇದು ಯಾರ ದನಿ ಮೇಷ್ಟ್ರೇ?”

“ನನ್ನದೇ, ಮಾಮ.”

“ಚೆನ್ನಾಗಿದೆ” ಎಂದರು. “ಸ್ವಲ್ಪ ಸ್ಟಾರ್ಟಿಂಗ್ ಟ್ರಬಲ್ ಇದೆ, ಅಷ್ಟೇ.”