ಕಂದಾಯದ ತಾಳೆಮರ

ನಾನು ಒಂದು ತಾಳೆಮರ. ಕುಂದಾಪುರದ ಕಡೆ, ಹೊಳೆ ಸಮುದ್ರ ಸೇರುವ ಜಾಗದಲ್ಲಿ, ಉಪ್ಪುನೀರಿನ ಗದ್ದೆಯ ಬದುವಿನಲ್ಲಿ ಹುಟ್ಟಿದೆ. ನಾವು ತಾಳೆಗಳು ಅವಸರದಲ್ಲಿ ಬೆಳೆಯುವವರಲ್ಲ. ಬಹಳ ವರ್ಷ ನನ್ನಿಂದ ಯಾರಿಗೂ ಹೆಚ್ಚಿನ ಉಪಯೋಗವಿರಲಿಲ್ಲ. ಗದ್ದೆಯವರು ಗರಿ ಕಡಿದು ಹಟ್ಟಿಗೆ ಹೊದೆಸುತ್ತಿದ್ದರು, ಅಷ್ಟೆ.

ಹೊಂಬಾಳೆ ಬಿಟ್ಟ ವರ್ಷ ಸರ್ಕಾರದ ಕಣ್ಣು ನನ್ನ ಮೇಲೆ ಬಿತ್ತು. ಅಬಕಾರಿ ಗಾರ್ಡ್ ವಾಸಪ್ಪ ಬಂದು ನನ್ನ ಬೊಡ್ಡೆ ಕೆರೆದು ಬಿಳಿ ಬಣ್ಣದಲ್ಲಿ ನಂಬರು ಬರೆದ. ಕಳ್ಳು ಇಳಿಸುವ ಪ್ರತಿ ಮರಕ್ಕೂ ವರ್ಷದ ತೆರಿಗೆಯನ್ನು ಮೊದಲೇ ಕಟ್ಟಬೇಕು, ಕಟ್ಟಿದವನಿಗೆ ಲೈಸೆನ್ಸು. ಕಳ್ಳು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ನನ್ನ ಲೈಸೆನ್ಸು ಶೀನ ಪೂಜಾರಿಯ ಹೆಸರಿಗಾಯಿತು.

ಶೀನ ಹಗುರ ಕಾಲಿನ ಮನುಷ್ಯ. ಬೆಳಿಗ್ಗೆ, ಸಂಜೆ ಹತ್ತಿ, ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತಿ, ತೊಟ್ಟಿಕ್ಕಿದ ರಸವನ್ನು ಮಡಕೆಯಿಂದ ಬಗ್ಗಿಸಿಕೊಂಡು ಇಳಿಯುತ್ತಿದ್ದ. ಹೆಂಡತಿ ಅಕ್ಕಣಿ ಕೆಳಗೆ ನಿಂತಿರುತ್ತಿದ್ದಳು. ಹೀಗೇ ಎಷ್ಟೋ ವರ್ಷ ನಡೆಯಿತು.

ಒಂದು ವರ್ಷ, ತೆರಿಗೆ ಕಟ್ಟಿ ಇನ್ನೂ ತಿಂಗಳಾಗಿರಲಿಲ್ಲ, ಶೀನ ಬೇರೊಂದು ಮರದಿಂದ ಜಾರಿ ಸೊಂಟ ಮುರಿದುಕೊಂಡ. ಎರಡು ದಿನ ನನ್ನ ಹತ್ತಿರ ಯಾರೂ ಬರಲಿಲ್ಲ. ಕೆತ್ತಲು ಶುರುಮಾಡಿದ ಹೊಂಬಾಳೆಯನ್ನು ನಡುವೆ ಬಿಟ್ಟರೆ ಅದು ಒಣಗಿಹೋಗುತ್ತದೆ. ಆಮೇಲೆ ವರ್ಷವಿಡೀ ಕಾದರೂ ಹನಿಯಿಲ್ಲ.

ಮೂರನೆಯ ಬೆಳಿಗ್ಗೆ ಅಕ್ಕಣಿ ಒಬ್ಬಳೇ ಬಂದಳು. ಸೀರೆಯನ್ನು ಕಚ್ಚೆ ಕಟ್ಟಿ, ಗಂಡನ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅರ್ಧ ಹತ್ತಿ ನನ್ನನ್ನು ಅಪ್ಪಿಕೊಂಡು ತುಂಬ ಹೊತ್ತು ಹಾಗೇ ಇದ್ದಳು. ಅವಳ ಎದೆ ಹೊಡೆದುಕೊಳ್ಳುವುದು ನನಗೆ ತಿಳಿಯುತ್ತಿತ್ತು. ಇಳಿದುಬಿಡುತ್ತಾಳೆ ಎಂದುಕೊಂಡೆ. ಇಳಿಯಲಿಲ್ಲ.

ಊರಿನಲ್ಲಿ ಮಾತಾಯಿತು. ಹೆಂಗಸು ಮರ ಹತ್ತುವುದೆಂದರೇನು ಎಂದು ಕೆಲವರು ಶೀನನ ಮನೆಗೇ ಹೋಗಿ ಕೇಳಿದರು. ಯಾರೋ ಅಬಕಾರಿ ಆಫೀಸಿಗೆ ಅರ್ಜಿ ಹಾಕಿದರು. ಹೊಸ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದು ಇಳಿದಾಗ ಅಕ್ಕಣಿ ನನ್ನ ತಲೆಯ ಮೇಲಿದ್ದಳು.

"ಲೈಸೆನ್ಸ್ ಇರುವುದು ಶೀನ ಪೂಜಾರಿಗೆ. ನೀನು ಹತ್ತುವುದು ಕಾನೂನಿಗೆ ವಿರುದ್ಧ. ರದ್ದು ಮಾಡಬೇಕಾಗುತ್ತದೆ," ಎಂದರು ಅವರು, ಕತ್ತೆತ್ತಿ.

ಅಕ್ಕಣಿ ಇಳಿದು ಬಂದು ಮಡಕೆಯನ್ನು ನೆಲದ ಮೇಲಿಟ್ಟಳು. "ಅವ್ರ್ ಸೊಂಟ ಮುರ್ದಿತ್ತ್, ಹತ್ತುಕ್ ಆತಿಲ್ಲೆ. ತೆರ್ಗಿ ಕಟ್ಟಿ ಆಯ್ತಲ್ದಾ? ರದ್ದು ಮಾಡುದಾರೆ ಅದನ್ನ್ ವಾಪಾಸ್ ಕೊಡಿ."

"ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲಮ್ಮ."

"ಹಂಗಾರೆ ಮರನೂ ವಾಪಾಸ್ ಬತ್ತಿಲ್ಲೆ."

ಜೊತೆಗೆ ಬಂದಿದ್ದ ವಾಸಪ್ಪ ಇನ್ಸ್‌ಪೆಕ್ಟರನ್ನು ನನ್ನ ನೆರಳಿಗೆ ಕರೆದ. "ಸರ್, ವರ್ಷ ವರ್ಷ ತೆರಿಗೆ ಬರೋ ಮರ ಕಮ್ಮಿಯಾಗ್ತಾ ಇದೆ. ಹತ್ತುವವರೇ ಇಲ್ಲ. ಟಾರ್ಗೆಟ್ ಮುಟ್ಟದಿದ್ರೆ ಮೇಲಿನವರು ಕೇಳೋದು ನಮ್ಮನ್ನೇ," ಎಂದ, ಮೆಲ್ಲಗೆ.

ಇನ್ಸ್‌ಪೆಕ್ಟರು ಯೋಚಿಸಿದರು. ಅವರು ಕೆಟ್ಟವರಲ್ಲ, ಒಳ್ಳೆಯತನ ತೋರಿಸಲೆಂದು ಬಂದವರೂ ಅಲ್ಲ. ಮಾರನೆಯ ವಾರ ಲೈಸೆನ್ಸು ಅಕ್ಕಣಿ ಪೂಜಾರ್ತಿಯ ಹೆಸರಿಗೆ ಬದಲಾಯಿತು. ಸರ್ಕಾರಕ್ಕೆ ಬೇಕಾಗಿದ್ದದ್ದು ನನ್ನ ತೆರಿಗೆ. ಅವಳಿಗೆ ನ್ಯಾಯ ಸಿಕ್ಕಿದ್ದು ಆ ದಾರಿಯಲ್ಲೇ.

ಅಕ್ಕಣಿ ಮುದುಕಿಯಾಗುವವರೆಗೂ ಹತ್ತಿದಳು. ಶೀನ ಕೋಲೂರಿಕೊಂಡು ಬಂದು, ಮೊದಲು ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲುತ್ತಿದ್ದ. ಅವನು ತೀರಿಹೋದ ಮೇಲೂ ಅವಳು ಬಿಡಲಿಲ್ಲ. ಕೊನೆಗೊಂದು ವರ್ಷ ಮಂಡಿ ಮಡಚುವುದೇ ಕಷ್ಟವಾಯಿತು. ಅವಳು ತೆರಿಗೆ ಕಟ್ಟಲಿಲ್ಲ. ಬೇರೆ ಯಾರೂ ಕಟ್ಟಲಿಲ್ಲ. ನನ್ನ ಮೈಮೇಲಿನ ನಂಬರು ಮಳೆಗೆ ತೊಳೆದುಹೋಯಿತು.

ಆ ವರ್ಷವೇ ನಾನು ಕಾಯಿ ಕಟ್ಟಿದೆ. ಹೊಂಬಾಳೆ ಕೆತ್ತುತ್ತಿದ್ದಷ್ಟು ವರ್ಷ ನನಗೆ ಹಣ್ಣೆಂದರೇನೆಂದು ಗೊತ್ತಿರಲಿಲ್ಲ. ಅವು ಕಪ್ಪಾಗಿ ಬಲಿತು ಒಂದೊಂದೇ ಬಿದ್ದವು. ಅಕ್ಕಣಿ ಆರಿಸಿಕೊಳ್ಳಲು ಬಂದಾಗ ವಾಸಪ್ಪನೂ ಆ ದಾರಿಯಲ್ಲಿ ಬಂದ. ಅವನಿಗೂ ನಿವೃತ್ತಿಯಾಗಿತ್ತು.

"ಇದ್ಕೂ ತೆರ್ಗಿ ಇತ್ತಾ, ಗಾರ್ಡರೆ?"

"ತಾನಾಗಿ ಬಿದ್ದದ್ದಕ್ಕೆ ಇಲ್ಲಮ್ಮ."

ಅವಳು ನಕ್ಕು, ಎಲ್ಲಕ್ಕಿಂತ ದೊಡ್ಡ ಹಣ್ಣನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ನನ್ನ ಬುಡದಲ್ಲಿ ಕೂತು, ನಾರು ಎಳೆದೆಳೆದು ತಿಂದರು.