ಒಂಬೈನೂರ ಹನ್ನೆರಡರಲ್ಲಿ ನಿಂತ ಭಟ್ಟಿ

ಶನಿವಾರ ಬೆಳಿಗ್ಗೆ ಬೆಳಗಾವಿಯ ಶಿವಬಸವ ನಗರದ ಮನೆಯಲ್ಲಿ ಗೌರೀಶ ಮಗಳಿಗೆ ಜಡೆ ಹಾಕುತ್ತಿದ್ದಾಗ ಕಲ್ಲಯ್ಯನವರ ಫೋನು ಬಂತು. ಖಾನಾಪುರದ ಹೆಂಚಿನ ಕಾರ್ಖಾನೆಯ ಮಾಲೀಕರು ಅವರು. ಗುರುವಾರ ಭಟ್ಟಿಯ ಉಷ್ಣತೆ ಎಷ್ಟಿತ್ತೆಂಬ ಗ್ರಾಫನ್ನು ಪ್ರಿಂಟು ತೆಗೆದುಕೊಂಡು ಬರಬೇಕಂತೆ. ಅದನ್ನು ಮುಂದಿಟ್ಟು ಭಟ್ಟಿಯ ಶಬ್ಬೀರನನ್ನು ಇವತ್ತೇ ಕೆಲಸದಿಂದ ಬಿಡಿಸಬೇಕಂತೆ.

"ಮಶೀನಿನ ಮ್ಯಾಲ ಅವಂಗ ಮೊದಲಿಂದಾನೂ ಸಿಟ್ಟು. ಭಟ್ಟಿಯೊಳಗಿನ ಮೀಟರಿನ ರಾಡು ಅವನೇ ಹಿಂದಕ್ಕ ಎಳದಾನ," ಅಂದರು. "ಇಲ್ಲಂದ್ರ ಸ್ಕ್ರೀನಿನ ಮ್ಯಾಲ ಒಂಬೈನೂರ ಹನ್ನೆರಡು ಡಿಗ್ರಿ ಇದ್ದಾಗ ಹೆಂಚು ಹೆಂಗ ಕರಗ್ತಾವು?"

ಗೌರೀಶ ಹ್ಞೂಂ ಅಂದ. ಕೈಯಲ್ಲಿದ್ದ ಜಡೆ ಸಡಿಲಾಯಿತು. ಮತ್ತ ಮೊದಲಿಂದ ಹಾಕು ಎಂದು ಸೃಷ್ಟಿ ಗೊಣಗಿದಳು.

ಹೆಂಚು ಹೇಗೆ ಕರಗಿದವೆಂಬುದು ಅವನಿಗೆ ಗುರುವಾರ ಸಂಜೆಯೇ ಗೊತ್ತಾಗಿತ್ತು. ಆ ಭಟ್ಟಿಯನ್ನು ನಡೆಸುವ ಕಂಪ್ಯೂಟರಿನ ಸ್ಕ್ರಿಪ್ಟು ಬರೆದವನು ಅವನೇ. ಎರಡು ಸೆಕೆಂಡಿಗೊಮ್ಮೆ ಅದು ಸೀರಿಯಲ್ ವಾಯರಿನ ಮೂಲಕ ಮೀಟರನ್ನು ಉಷ್ಣತೆ ಎಷ್ಟೆಂದು ಕೇಳುತ್ತದೆ. ಮೀಟರು ಒಂದು ಸಾಲು ಉತ್ತರ ಕಳಿಸುತ್ತದೆ: ಮೊದಲಿಗೊಂದು ಗುರುತು, ನಡುವೆ ಅಂಕಿ, ಕೊನೆಗೊಂದು ಗುರುತು. ಎರಡೂ ಗುರುತು ಸರಿಯಿದ್ದರೆ ಸ್ಕ್ರಿಪ್ಟು ನಡುವಿನ ಅಂಕಿ ಎತ್ತಿಕೊಂಡು, ಬರ್ನರಿಗೆ ಎಣ್ಣೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಆದರೆ ಫ್ಯಾನು ಚಾಲೂ ಆದಾಗಲೆಲ್ಲ ಉತ್ತರ ಅರ್ಧಕ್ಕೇ ತುಂಡಾಗುತ್ತಿತ್ತು, ಎಚ್ಚರಿಕೆಯ ಭೋಂಗಾ ಒದರುತ್ತಿತ್ತು. ದಿನಕ್ಕೆ ಹತ್ತು ಸಲ. ಇದನ್ನ ಸುಮ್ಮನಿರಿಸ್ತೀರೋ ಇಲ್ಲೋ ಎಂದು ಕಲ್ಲಯ್ಯನವರು ರೇಗಿದ್ದರು.

ಕಳೆದ ತಿಂಗಳು ಗೌರೀಶ ಒಂದು ಸಾಲು ಸೇರಿಸಿದ. ಉತ್ತರ ತುಂಡಾಗಿ ಬಂದರೆ ಹಿಂದಿನ ಅಂಕಿಯನ್ನೇ ಇಟ್ಟುಕೋ. ಮೂರು ಸಲ ಒಂದರ ಹಿಂದೊಂದು ತುಂಡಾದರೆ ಬರ್ನರು ಬಂದ್ ಮಾಡಿ ಭೋಂಗಾ ಊದು ಎಂಬ ಇನ್ನೊಂದು ಸಾಲೂ ಬೇಕಿತ್ತು. ಆದರೆ ಬೆಳಗಾವಿ ಬಸ್ಸಿಗೆ ಹೊತ್ತಾಗಿತ್ತು, ಟ್ಯೂಶನ್ನಿನ ಮುಂದೆ ಮಗಳು ಕಾಯುತ್ತಿದ್ದಳು. ನಾಳೆ ಹಾಕಿದರಾಯಿತು ಅಂದುಕೊಂಡ. ಭೋಂಗಾ ಸುಮ್ಮನಾಯಿತು, ಕಾರ್ಖಾನೆಯಲ್ಲಿ ಶಾಬಾಸ್ ಸಿಕ್ಕಿತು, ನಾಳೆಯ ಸಾಲು ಮರೆತೇಹೋಯಿತು.

ಗುರುವಾರ ಹನ್ನೊಂದೂಕಾಲಿಗೆ ಭಟ್ಟಿಯ ಬಿಸಿಗೆ ವಾಯರು ಸುಟ್ಟಿತು. ಆಮೇಲೆ ಒಂದು ಉತ್ತರವೂ ಪೂರ್ತಿ ಬರಲಿಲ್ಲ. ಸ್ಕ್ರಿಪ್ಟು ಹಳೆಯ ೯೧೨ನ್ನೇ ಹಿಡಿದು ಕೂತಿತು. ಬೇಕಾದ ೯೪೦ ಇನ್ನೂ ಆಗಿಲ್ಲವಲ್ಲ ಎಂದು ಎಣ್ಣೆ ಬಿಡುತ್ತಲೇ ಹೋಯಿತು.

ಅಷ್ಟೇ ಆಗಿದ್ದರೆ ಗೌರೀಶ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಹನ್ನೆರಡಕ್ಕೆ ಶಬ್ಬೀರ ಫೋನು ಮಾಡಿದ್ದ. ಇಪ್ಪತ್ತಾರು ವರ್ಷ ಭಟ್ಟಿಯ ಕಿಂಡಿಗೆ ಕಣ್ಣಿಟ್ಟು, ಬೆಂಕಿಯ ಬಣ್ಣ ನೋಡಿ ಹೆಂಚು ಸುಟ್ಟ ಮನುಷ್ಯ. ಬೆಂಕಿ ಕಿತ್ತಳೆ ಬಣ್ಣ ದಾಟಿ ಹಳದಿಗೆ ತಿರುಗೈತಿ, ಬಂದ್ ಮಾಡ್ಲ್ಯಾ ಎಂದು ಕೇಳಿದ್ದ. ಗೌರೀಶ ಆಗ ಮಗಳ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿದ್ದ. ವೇದಿಕೆಯ ಮೇಲೆ ಸೃಷ್ಟಿಯ ಸರದಿ ಬಂದಿತ್ತು. ಮೊಬೈಲಿನಲ್ಲಿ ಅಂಕಿ ನೋಡಿದ: ೯೧೨.

"ಬರೋಬರಿ ಐತಿ ಚಾಚಾ. ಮುಟ್ಟಬ್ಯಾಡ್ರಿ."

ಉರಿಯುವ ಭಟ್ಟಿಯ ಅಂಕಿ ಮುಕ್ಕಾಲು ತಾಸು ಒಂದೇ ಕಡೆ ನಿಲ್ಲುವುದಿಲ್ಲ ಎಂಬುದು ಅವನಿಗೆ ಆಗ ಹೊಳೆಯಲಿಲ್ಲ. ಹೊಳೆದ ಮೇಲೂ ಎರಡು ದಿನ ಬಾಯಿ ಬಿಡಲಿಲ್ಲ.

ಶಾಲೆಗೆ ಮಗಳನ್ನು ಬಿಟ್ಟು ಖಾನಾಪುರಕ್ಕೆ ಹೊರಟವನ ಚೀಲದಲ್ಲಿ ಎರಡು ಪ್ರಿಂಟು ಇದ್ದವು. ಒಂದು ಗ್ರಾಫು. ಇನ್ನೊಂದು, ಸ್ಕ್ರಿಪ್ಟು ತನ್ನ ಪಾಡಿಗೆ ಬರೆದಿಡುವ ಮೀಟರಿನ ಉತ್ತರಗಳ ಪಟ್ಟಿ. ಅದನ್ನು ಓದಲು ಬರುವುದು ಅವನೊಬ್ಬನಿಗೇ. ಯಾವುದನ್ನು ಕೊಡುತ್ತೇನೆಂದು ದಾರಿಯುದ್ದಕ್ಕೂ ಅವನಿಗೇ ಗೊತ್ತಿರಲಿಲ್ಲ.

ಗೇಟಿನ ಬಾಜು ಸೊಟ್ಟಾದ, ಒಂದಕ್ಕೊಂದು ಅಂಟಿದ ಹೆಂಚಿನ ರಾಶಿ. ಅದರ ಪಕ್ಕ ಶಬ್ಬೀರ ಕುಕ್ಕರಗಾಲಲ್ಲಿ ಕೂತಿದ್ದ. ಎದ್ದು ನಮಸ್ಕಾರ ಮಾಡಿದ. ಫೋನ್ ಮಾಡಿದ್ದನ್ನ ಮಾಲೀಕರಿಗೆ ಯಾಕ ಹೇಳಲಿಲ್ಲ ಎಂದು ಗೌರೀಶ ತಗ್ಗಿದ ದನಿಯಲ್ಲಿ ಕೇಳಿದ.

"ಹಿಂದ ಹುಡುಗ್ರು ಹಾಡೂದು ಕೇಳಸ್ತಿತ್ರಿ, ಸಾಹೇಬ್ರ," ಅಂದ ಶಬ್ಬೀರ. "ಮಗಳ ಕಾರ್ಯಕ್ರಮದಾಗ ಇದ್ರಿ. ನಾನ ಹೊತ್ತಲ್ಲದ ಹೊತ್ತಿನ್ಯಾಗ ಫೋನ್ ಹಚ್ಚಿದೆ. ಅದನ್ನೇನ್ ಹೇಳೂದು?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗೌರೀಶ ಸೀದಾ ಒಳಗೆ ಹೋಗಿ ಎರಡನ್ನೂ ಮೇಜಿನ ಮೇಲಿಟ್ಟ. ತುಂಡು ಸಾಲುಗಳ ಮೇಲೆ ಬೆರಳಿಟ್ಟು, ಇಲ್ಲಿಂದ ಮುಂದೆ ಮೀಟರು ಏನೂ ಹೇಳಿಲ್ಲ, ಹೇಳಿದ ಹಾಗೆ ತೋರಿಸಿದ್ದು ನನ್ನ ಸಾಲು ಅಂದ. ಹಾಕದೆ ಬಿಟ್ಟ ಸಾಲನ್ನೂ, ಶಬ್ಬೀರನ ಫೋನಿನ ಮಾತನ್ನೂ ಹೇಳಿದ. ರಾಡು ಯಾರೂ ಎಳೆದಿಲ್ಲ ಅಂದ.

ಕಲ್ಲಯ್ಯನವರು ಪಟ್ಟಿಯನ್ನು ಗ್ರಾಫಿನ ಪಕ್ಕಕ್ಕೆ ಎಳೆದುಕೊಂಡರು.

"ಎರಡು ದಿನ ಏನ್ ಮಾಡ್ತಿದ್ರಿ?"

"ಸುಮ್ನ ಇದ್ದೆರಿ."

ಶಬ್ಬೀರನನ್ನು ಅವರೇ ಎದ್ದು ಕರೆಯಲು ಹೋದರು. ಬಾಗಿಲಲ್ಲಿ ತಿರುಗಿ, ಬಿಟ್ಟ ಸಾಲನ್ನ ಇವತ್ತ ಹಾಕಿ ಹೋಗ್ರಿ, ಮುಂದಿನ ಕೆಲಸಕ್ಕ ಬ್ಯಾರೆಯವರನ್ನ ನೋಡ್ತೀನಿ ಅಂದರು. ಗೌರೀಶ ತಲೆಯಾಡಿಸಿದ.

ಮಧ್ಯಾಹ್ನ ಹೊಸ ವಾಯರು ಎಳೆದಾಯಿತು. ಶಬ್ಬೀರ ಭಟ್ಟಿಗೆ ಸಣ್ಣ ಉರಿ ಹಚ್ಚಿದ. ಗೌರೀಶ ತಿಂಗಳ ಹಿಂದೆ ಬಿಟ್ಟ ಸಾಲು ಬರೆದು, ಪರೀಕ್ಷೆಗೆಂದು ತಾನೇ ವಾಯರು ಕಿತ್ತ. ಒಂದು, ಎರಡು, ಮೂರು ಸಲ ಪೂರ್ತಿ ಉತ್ತರ ಬರಲಿಲ್ಲ. ಬರ್ನರು ಬಂದಾಯಿತು, ಭೋಂಗಾ ಒದರಿತು. ಶಬ್ಬೀರ ಸ್ಕ್ರೀನಿನ ಕಡೆ ನೋಡಲೇ ಇಲ್ಲ. ಕಿಂಡಿಗೆ ಓಡಿ ಕಣ್ಣಿಟ್ಟ.

"ಬೆಂಕಿ ಚಲೋ ಇತ್ತಲ್ರೀ," ಎಂದು ಅಲ್ಲಿಂದಲೇ ಕೂಗಿದ. "ನಿಮ್ಮ ಮಶೀನ ಸುಮ್ಮಸುಮ್ಮನ ಒದರಾಕತ್ತೈತಿ. ಬಂದ್ ಮಾಡ್ಲ್ಯಾ?"

"ಬ್ಯಾಡ ಚಾಚಾ. ಒದರಲಿ," ಅಂದ ಗೌರೀಶ. ವಾಯರಿನ ತುದಿ ಅವನ ಕೈಯಲ್ಲೇ ಇತ್ತು.