ಮಡಚದ ಕಾಲು

ಬಲಗಾಲು ಮಡಚಲಿಲ್ಲ. ಗವಿಸಿದ್ದಪ್ಪ ಪಾದ ಹಿಡಿದು ಒಳಕ್ಕೆ ಒತ್ತಿದ, ಪಕೀರಪ್ಪ ತೊಡೆ ಅದುಮಿ ಹಿಡಿದ, ಬಿಸಿನೀರಿನ ಬಟ್ಟೆ ಸುತ್ತಿ ತಿಕ್ಕಿದ್ದೂ ಆಯಿತು. ಎರ್ರಿಯಪ್ಪನ ಎಡಗಾಲು ಹೇಳಿದ ಮಾತು ಕೇಳಿ ಚಕ್ಕಳಮಕ್ಕಳ ಹಾಕಿಕೊಂಡಿತ್ತು. ಬಲಗಾಲು ಮಾತ್ರ ಬಾಗಿಲ ಕಡೆಗೆ ನೆಟ್ಟಗೆ ಚಾಚಿಕೊಂಡೇ ಇತ್ತು. ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ, ಕೂತಂತೆಯೇ ಮಣ್ಣು ಮಾಡುವುದು ಆ ಮನೆತನದ ರೂಢಿ. ಕಾಲು ಚಾಚಿ ಕೂತವನನ್ನು ಅವರ ಕುಣಿ ಹಿಡಿಯುವುದಿಲ್ಲ.

“ಇನ್ನೊಂದೀಟು ಜೋರು ಹಾಕಲೇ ಗವಿಸಿದ್ದ,” ಅಂದ ಪಕೀರಪ್ಪ. ಅವನು ಎರ್ರಿಯಪ್ಪನ ದಾಯಾದಿ, ಓಣಿಗೆ ಹಿರಿಯ, ರೇಷನ್ ಅಂಗಡಿಯವನು.

“ಬಿಡ್ರಿ,” ಅಂದಳು ಹಂಪಕ್ಕ. ಗಂಡನ ತಲೆಯ ಹತ್ತಿರ ಕೂತಿದ್ದ ಅವಳು ಬೆಳಗಿನಿಂದ ಆಡಿದ ಮೊದಲ ಮಾತು ಅದು. “ಇಪ್ಪತ್ತು ವರ್ಷ ಮಡಚದ ಕಾಲು ಇವತ್ತು ನೀವು ಹೇಳಿದ್ರ ಮಡಚ್ತೈತೇನು? ಕುಣೀನ ಉದ್ದ ತೋಡಸ್ರಿ.”

“ಹಂಗ ಯಾರೂ ತೋಡಂಗಿಲ್ಲವ್ವ.”

“ಇವ್ರಿಗೆ ತೋಡಸ್ರಿ.”

ಪಕೀರಪ್ಪ ಎದ್ದು, ಕೈ ಒರೆಸಿಕೊಂಡು, ಕುಣಿ ತೋಡುವವರಿಗೆ ಫೋನು ಮಾಡಲು ಹೊರಗೆ ಹೋದ. ಗವಿಸಿದ್ದಪ್ಪ ಮಾತ್ರ ಆ ಪಾದವನ್ನು ಬಿಡದೆ ಹಿಡಿದುಕೊಂಡೇ ಕೂತ. ಒಂದು ಕಾಲಕ್ಕೆ ಅವನೂ ಎರ್ರಿಯಪ್ಪನೂ ಒಂದೇ ಕಬಡ್ಡಿ ತಂಡದವರು. ಆ ಕಾಲು ಮುರಿದ ಮೇಲೆ ಏನು ನಡೆಯಿತೆಂದು ಆ ಮನೆಯಲ್ಲಿ ಹಂಪಕ್ಕನನ್ನು ಬಿಟ್ಟರೆ ಅವನಿಗೊಬ್ಬನಿಗೇ ಗೊತ್ತಿತ್ತು.

ಎರ್ರಿಯಪ್ಪ ತೀರಿಕೊಂಡದ್ದು ನಿನ್ನೆ ಮಧ್ಯಾಹ್ನ, ಮರಿಯಮ್ಮನಹಳ್ಳಿಯಲ್ಲಿ, ಲಾರಿ ತೂಗುವ ಕಾಟಾದ ಬಾಗಿಲಲ್ಲಿ. ಅಲ್ಲಿ ಅವನು ಕಾವಲಿನವನು. ಕುರ್ಚಿಯಲ್ಲಿ ಕೂತವನು ಕೂತಲ್ಲೇ ಹೋಗಿಬಿಟ್ಟಿದ್ದ. ಚಾಚಿದ ಕಾಲನ್ನು ಸುತ್ತಿ ಓಡಾಡುತ್ತಿದ್ದ ಡ್ರೈವರುಗಳು ಮಲಗಿದ್ದಾನೆ ಅಂದುಕೊಂಡಿದ್ದರಂತೆ.

ಸಂಡೂರಿನ ಆ ಓಣಿಯಲ್ಲಿ ಶಾಮಿಯಾನದ ಬಟ್ಟೆಯೂ ಅದಿರಿನ ಧೂಳಿನಿಂದ ಕೆಂಪಗಿತ್ತು. ಅದರ ಕೆಳಗೆ ಕೂತ ಗಂಡಸರು ಸತ್ತವನ ಬಗ್ಗೆ ಒಂದು ಮಾತಾಡಿದರೆ ಯಲ್ಲೇಶನ ಬಗ್ಗೆ ಹತ್ತು ಮಾತಾಡುತ್ತಿದ್ದರು. ಯಲ್ಲೇಶ ಎರ್ರಿಯಪ್ಪನ ತಂಗಿಯ ಮಗ. ತಾಯಿ ಇಲ್ಲದ ಹುಡುಗನನ್ನು ಮಕ್ಕಳಿಲ್ಲದ ಈ ಗಂಡಹೆಂಡಿರೇ ಸಾಕಿದ್ದರು. ಮಾವನೇ ಕಬಡ್ಡಿ ಕಲಿಸಿದ್ದ. ಹದಿನೈದು ದಿನದ ಹಿಂದೆ ಲೀಗ್ ಹರಾಜಿನಲ್ಲಿ ಅವನನ್ನು ಒಂದು ತಂಡದವರು ಮೂವತ್ತೆಂಟು ಲಕ್ಷಕ್ಕೆ ಕೊಂಡಿದ್ದರು. ಈಗವನು ತರಬೇತಿ ಶಿಬಿರದಿಂದ ನೇರ ಬಂದು, ಬೂಟು ಬಿಚ್ಚಿ, ಅತ್ತೆಯ ಪಕ್ಕ ಕೂತಿದ್ದ.

“ಮೂವತ್ತೆಂಟು ಲಕ್ಷ! ಕಬಡ್ಡಿ ಕಬಡ್ಡಿ ಅನ್ನಾಕ!” ಅಂದ ಒಬ್ಬ.

“ಗಡಿ ಕಾಯೋ ಸೈನಿಕಗ ಎಷ್ಟು ಕೊಡ್ತಾರಪ? ಸಾಲಿ ಮಾಸ್ತರಿಗೆ?” ಅಂದ ಇನ್ನೊಬ್ಬ.

“ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ,” ಅಂದ ಪಕೀರಪ್ಪ. “ಇದು ಆಟ ಅಲ್ಲ, ದನದ ಸಂತಿ. ಎರ್ರಿಯಪ್ಪನ್ನ ನೋಡ್ರಿ. ಒಂದು ಪೈಸಾ ಮುಟ್ಟಲಿಲ್ಲ. ಅಭಿಮಾನಕ್ಕಾಗಿ ಆಡಿದ.”

ಎಲ್ಲರೂ ತಲೆಯಾಡಿಸಿದರು. ಸೈನಿಕನ ಮೇಲಿನ ಈ ಕನಿಕರ ನಮ್ಮ ಜನಕ್ಕೆ ಆಟಗಾರನಿಗೆ ಸಂಬಳ ಬಂದ ದಿನವೇ ಯಾಕೆ ಉಕ್ಕುತ್ತದೋ ಆ ದೇವರೇ ಬಲ್ಲ. ಹಾಗೆ ಆಟಗಾರನನ್ನು ಕೊಂಡವನು ಎಷ್ಟು ಗಳಿಸುತ್ತಾನೆ ಅಂತ ಶಾಮಿಯಾನದ ಕೆಳಗೆ ಒಂದು ನರಪಿಳ್ಳೆಯೂ ಕೇಳಲಿಲ್ಲ. ಕೇಳುತ್ತಿದ್ದವನು ಒಬ್ಬನೇ, ಅವನು ಒಳಗೆ ಗೋಡೆಗೆ ಒರಗಿ ಕೂತಿದ್ದ. ಹರಾಜಿನ ದಿನ ಚಹಾದಂಗಡಿಯಲ್ಲಿ ಇದೇ ಪಕೀರಪ್ಪ ಇದೇ ಮಾತಾಡಿದಾಗ ಎರ್ರಿಯಪ್ಪ ಮೇಜು ಗುದ್ದಿ ಕೇಳಿದ್ದ: “ಟಿಕೀಟು ಯಾರ ಮುಖ ನೋಡಿ ಹರೀತಾರಲೇ? ಆ ಹುಡುಗ ರೊಕ್ಕ ಬ್ಯಾಡ ಅಂದ್ರ ಅದು ಸೈನಿಕನ ಮನಿಗೆ ಹೋಗ್ತೈತೇನು? ಧಣಿ ಕಿಸೆದಾಗ ಕುಂದರ್ತೈತಿ!”

*

ಇಪ್ಪತ್ತು ವರ್ಷದ ಹಿಂದೆ, ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂದಿದ್ದ ಕಾಲ ಅದು. ಗುಡ್ಡದಿಂದ ಅದಿರಿನ ಲಾರಿಗಳು ಹಗಲಿರುಳು ಇಳಿಯುತ್ತಿದ್ದವು. ನಾಗೇಂದ್ರಪ್ಪ ಧಣಿಯ ಗಣಿಯಲ್ಲಿ ಎರ್ರಿಯಪ್ಪ ಲೋಡಿಂಗ್ ಕೂಲಿ, ಸಂಜೆ ಕಂಪನಿಯ ಕಬಡ್ಡಿ ತಂಡದ ರೈಡರ್. ಹಗಲಿನ ದುಡಿಮೆಗೆ ಕೂಲಿ ಉಂಟು, ಆಟಕ್ಕಿಲ್ಲ. ಆಟಕ್ಕೆಂದು ಪರಸ್ಥಳಕ್ಕೆ ಹೋದರೆ ಆ ದಿನದ ಕೂಲಿಯೂ ಕಟ್. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರಿನ ಕೈ ಒಬ್ಬರದು, ಮೊಸರಿನ ಬಾಯಿ ಇನ್ನೊಬ್ಬರದು.

ಹೊಸಪೇಟೆಯಲ್ಲಿ ಫೈನಲ್. ಬಿದಿರಿನ ಗ್ಯಾಲರಿ ಮುರಿಯುವಷ್ಟು ಜನ, ಟಿಕೆಟ್ ಮುಗಿದು ಹೊರಗೆ ಗಲಾಟೆ. ಪಂದ್ಯಾವಳಿ ನಡೆಸಿದ್ದೂ ನಾಗೇಂದ್ರಪ್ಪನೇ. ಕೊನೆಯ ರೈಡಿನಲ್ಲಿ ಎರ್ರಿಯಪ್ಪನ ಬಲಗಾಲಿಗೆ ಮೂವರು ಬಿದ್ದರು. ಒಣಕಟ್ಟಿಗೆ ಮುರಿದಂತೆ ಸದ್ದಾದದ್ದು ಗ್ಯಾಲರಿಯವರೆಗೂ ಕೇಳಿತು. ಆದರೂ ಅವನು ಉಸಿರು ಬಿಡದೆ ತೆವಳಿ, ಕೈ ಚಾಚಿ, ನಡುಗೆರೆ ಮುಟ್ಟಿದ.

“ನಿನ್ನ ಕಾಲು ನಾವು ನೋಡ್ಕೊಂತೀವಲೇ,” ಅಂದ ನಾಗೇಂದ್ರಪ್ಪ ಕಪ್ಪು ಎತ್ತಿ ಹಿಡಿದುಕೊಂಡೇ. ನೋಡಿಕೊಂಡದ್ದು ಇಷ್ಟು: ನಾಟಿ ವೈದ್ಯನಿಂದ ಒಂದು ಪಟ್ಟು, ಆಟಗಾರರಿಗೆಲ್ಲ ಒಂದೊಂದು ಸ್ಟೀಲಿನ ಡಬ್ಬಿ.

ತಿಂಗಳು ಕಳೆದ ಮೇಲೆ ಎರ್ರಿಯಪ್ಪ ಕೋಲೂರಿಕೊಂಡು ಆಫೀಸಿಗೆ ಹೋದ. ಕಂಪನಿಯ ಬನೀನನ್ನೇ ತೊಟ್ಟಿದ್ದ, ಇದ್ದದ್ದರಲ್ಲಿ ಒಳ್ಳೆಯ ಅಂಗಿ ಅದೇ. ತಂಡದ ಉಳಿದವರೂ ಬಂದಿದ್ದರು, ಎಲ್ಲರೂ ಸೇರಿ ಕೇಳೋಣ ಅಂತ ಮಾತಾಗಿತ್ತು. ಒಳಗೆ ಹೋದ ಮೇಲೆ ಬಾಯಿ ಇದ್ದದ್ದು ಅವನೊಬ್ಬನಿಗೇ.

“ಕಾಲಿಗೆ ಆಪರೇಷನ್ ಆಗ್ಬೇಕಂತ್ರಿ, ಧಣೇರ. ಟಿಕೀಟಿನ ರೊಕ್ಕ ಭಾಳ ಬಂದೈತಂತ. ಎಲ್ರಿಗೂ ಅದ್ರಾಗ ಒಂದು ಪಾಲು ಕೊಡ್ರಿ.”

ನಾಗೇಂದ್ರಪ್ಪನಿಗೆ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಾಯಿತು. “ಆಟ ದೇವ್ರು ಕೊಟ್ಟಿದ್ದಲೇ. ಅದನ್ನ ಮಾರ್ಕೊಂತೀಯೇನು?”

“ನೀವು ಮಾರಿದ್ರಲ್ರಿ.”

ನಾಗೇಂದ್ರಪ್ಪ ಅವನ ಎದೆಯ ಕಡೆ ಬೆರಳು ಮಾಡಿದ.

“ಬನೀನು ಬಿಚ್ಚಿಟ್ಟು ಹೋಗು. ಅದು ಕಂಪನೀದು.”

ಎರ್ರಿಯಪ್ಪ ಬಿಚ್ಚಿದ, ಮಡಚಿ ಮೇಜಿನ ಮೇಲಿಟ್ಟ. ಉಳಿದವರು ನೆಲ ನೋಡುತ್ತಾ ನಿಂತರು, ಗವಿಸಿದ್ದಪ್ಪನೂ ನಿಂತ. ಸಂಡೂರಿನ ಬಜಾರಿನ ನಡುವೆ, ಹೋದ ತಿಂಗಳು ಗೆದ್ದ ಕಪ್ಪಿನ ಮೆರವಣಿಗೆ ಹೋಗಿದ್ದ ಅದೇ ದಾರಿಯಲ್ಲಿ, ಎರ್ರಿಯಪ್ಪ ಬರಿ ಮೈಯಲ್ಲಿ ಕುಂಟುತ್ತ ಮನೆಗೆ ಬಂದ. ಹಂಪಕ್ಕ ಹೊಸ್ತಿಲಲ್ಲಿ ನಿಂತು ನೋಡಿದಳು. ಏನಾಯ್ತು ಅಂತ ಕೇಳದೆ ಕಾಲಿಗೆ ನೀರು ಕೊಟ್ಟಳು. ಕೆಲಸವೂ ಹೋಯಿತೆಂದು ಮಾರನೆಯ ದಿನ ತಿಳಿಯಿತು.

*

ಹೊತ್ತೇರಿದ ಮೇಲೆ ಓಣಿಯ ತುದಿಯಲ್ಲಿ ದೊಡ್ಡ ಕಾರು ನಿಂತಿತು. ನಾಗೇಂದ್ರಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಬಂದವನು ಮಗ ಜಂಬುನಾಥ್. ಹಿಂದೆ ಒಬ್ಬ ಹಾರ ಹಿಡಿದಿದ್ದ, ಇನ್ನೊಬ್ಬ ಕ್ಯಾಮೆರಾ ಹಿಡಿದಿದ್ದ. ಶಾಮಿಯಾನದ ಕೆಳಗಿನ ಅಭಿಮಾನಿಗಳೆಲ್ಲ ದಡಬಡ ಎದ್ದು ನಿಂತರು.

ಜಂಬುನಾಥ್ ಚಪ್ಪಲಿ ಬಿಚ್ಚಿ ಒಳಗೆ ಬಂದು, ಬಾಗಿಲಿಗೆ ಚಾಚಿದ್ದ ಆ ಪಾದಕ್ಕೇ ಹಣೆ ಹಚ್ಚಿದ. ಏಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ.

“ಸಣ್ಣಾವಿದ್ದಾಗ ನನ್ನ ಹೆಗಲ ಮ್ಯಾಲೆ ಹೊತ್ತು ಕುಣಿಸ್ಯಾರ ಹಂಪಕ್ಕ. ಅಂಥಾ ಆಟಗಾರ ಮತ್ತ ಹುಟ್ಟಂಗಿಲ್ಲ.”

ಚೀಲದಿಂದ ಒಂದು ಹೊಸ ಜೆರ್ಸಿ ತೆಗೆದ. ಹಳದಿ ಬಣ್ಣ, ಎದೆಯ ತುಂಬ ಕಂಪನಿಯ ಹೆಸರು. ಅದನ್ನು ಎರ್ರಿಯಪ್ಪನ ಎದೆಯ ಮೇಲೆ ಹರವಿದ. ಕ್ಯಾಮೆರಾದವನು ಮುಂದೆ ಬಂದ. ಹಂಪಕ್ಕ ಜೆರ್ಸಿಯನ್ನೇ ನೋಡುತ್ತಿದ್ದಳು.

“ಇವ್ರ ಹೆಸರಿನಾಗ ಟೂರ್ನಮೆಂಟ್ ಮಾಡ್ತೀನಿ,” ಅಂದ ಜಂಬುನಾಥ್, ಹೊರಗಿನವರಿಗೂ ಕೇಳುವಂತೆ. “ಪ್ರತಿ ವರ್ಷ, ಹೊಸಪೇಟಿಯಾಗ. ಮೊದಲ್ನೇ ವರ್ಷ ನಮ್ಮ ಯಲ್ಲೇಶ ನಮ್ಮ ಕಂಪನಿ ಪರವಾಗಿ ಆಡ್ತಾನ. ಲೀಗ್ ರೊಕ್ಕ ಲೀಗಿಗೆ. ಇದು ಮಾವನ ಸೇವಾ. ಒಂದು ಪೈಸಾ ಇಲ್ದಂಗ ಆಡ್ತಾನ. ಏನಪಾ ಯಲ್ಲೇಶ? ಮಾವನ ಕಾಲು ಮುಟ್ಟಿ ಮಾತು ಕೊಡು.”

“ಕೊಡಪಾ, ಕೊಡು,” ಅಂದ ಪಕೀರಪ್ಪ ಬಾಗಿಲಿನಿಂದ. “ಅವನ ಆತ್ಮ ತಣ್ಣಗಾಗ್ತೈತಿ.”

ಹೆಣದ ಮುಂದೆ ಕೊಟ್ಟ ಮಾತಿಗೆ ತಪ್ಪುವ ಹಾಗಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಇಲ್ಲ ಅಂದರೆ ರೊಕ್ಕ ಕಂಡು ಮಾವನನ್ನೇ ಮರೆತ ಅಂತ ಸಂಜೆಯೊಳಗೆ ಕಂಪ್ಲಿಯವರೆಗೆ ಸುದ್ದಿ ಮುಟ್ಟುತ್ತದೆ. ಯಲ್ಲೇಶ ಅತ್ತೆಯ ಮುಖ ನೋಡಿದ, ಕ್ಯಾಮೆರಾ ನೋಡಿದ. ಮೆಲ್ಲಗೆ ಬಾಗಿ ಆ ಮೊಣಕಾಲಿನ ಮೇಲೆ ಕೈಯಿಟ್ಟ. ಬಟ್ಟೆಯ ಕೆಳಗೆ ಅಡ್ಡಾದಿಡ್ಡಿ ಕೂಡಿಕೊಂಡ ಮೂಳೆಯ ಗಂಟು ಅಂಗೈಗೆ ಸಿಕ್ಕಿತು. ಚಿಕ್ಕಂದಿನಿಂದ ಎಣ್ಣೆ ತಿಕ್ಕಿ ಗೊತ್ತಿದ್ದ ಗಂಟು. ಮಾತು ಕೊಡುವ ಬದಲು ಆ ಗಂಟನ್ನೇ ಸವರಿದ.

“ಟಿಕೀಟು ಇಡ್ತೀರೇನ್ರಿ?” ಅಂದಳು ಹಂಪಕ್ಕ.

ಜಂಬುನಾಥ್ ಅವಳ ಕಡೆ ತಿರುಗಿದ. “ಹಾಂ? ಖರ್ಚಿಗೆ ಅಂತ ಇಡ್ತೀವಿ ಹಂಪಕ್ಕ.”

“ಸುತ್ತಾ ಬೋರ್ಡು ಹಾಕ್ತೀರಿ. ಸಿಮೆಂಟಿಂದು, ಬ್ಯಾಂಕಿಂದು. ಅವ್ರು ರೊಕ್ಕ ಕೊಡ್ತಾರ?”

“ಕೊಡ್ತಾರ…”

“ಹಂಗಾರ ನಮ್ಮ ಹುಡುಗಗ ಎಷ್ಟು ಕೊಡ್ತೀರಿ? ಹೇಳ್ರಿ.”

ಯಾರೋ ಹೆಂಗಸು ‘ಅವ್ವಾ’ ಅಂತ ಬಾಯಿಗೆ ಸೆರಗು ಹಿಡಿದಳು. ಪಕೀರಪ್ಪನಿಗೆ ತಡೆಯಲಾಗಲಿಲ್ಲ. “ಏ ಹಂಪಕ್ಕ, ಬುದ್ಧಿ ಐತಾ? ಹೆಣದ ಮುಂದ ರೊಕ್ಕದ ಮಾತಾಡ್ತೀಯಲ್ಲ!”

ಹಂಪಕ್ಕ ಎದ್ದಳು. “ಹೆಣದ ಮುಂದ ಪುಕ್ಕಟೆ ಕೇಳಬಹುದು, ರೊಕ್ಕ ಕೇಳಬಾರ್ದಾ? ಯಾವ ಊರಿನ ನ್ಯಾಯ ಇದು ಪಕೀರಣ್ಣ?”

“ಅಕ್ಕಾ, ಎರ್ರಣ್ಣ ನಮ್ಮಪ್ಪನ ಹತ್ರ ಒಂದಿನಾನೂ ಏನೂ ಕೇಳಿದವ್ರಲ್ಲ…” ಅಂದ ಜಂಬುನಾಥ್. ಅವನು ನಿಜವಾಗಿ ನೊಂದಿದ್ದ.

“ಕೇಳಿದ್ರು! ನಿಮ್ಮಪ್ಪ ನಿಮಿಗೆ ಹೇಳಿಲ್ಲ. ಈ ಕಾಲು ತಗೊಂಡು ಬಂದು ಕೇಳಿದ್ರು. ಇಂಥಾದೇ ಬನೀನು ಮೈಮ್ಯಾಲಿತ್ತು, ಬಿಚ್ಚಿಸಿ ಕಳಿಸಿದ್ರು. ಬಜಾರದಾಗ ಬರಿ ಮೈಯಾಗ ಬಂದ್ರು. ಜೀವ ಇದ್ದಾಗ ಕಸ್ಕೊಂಡು, ಈಗ ಹೆಣಕ್ಕ ಹೊದಸ್ತೀರಿ! ಗವಿಸಿದ್ದಣ್ಣ ಇದ್ದ ಅಲ್ಲಿ. ಕೇಳ್ರಿ ಅವನ್ನ.”

ಎಲ್ಲರೂ ಗವಿಸಿದ್ದಪ್ಪನ ಕಡೆ ನೋಡಿದರು. ಅವನು ನೆಲ ನೋಡಿದ, ಆಮೇಲೆ ತಲೆಯೆತ್ತಿದ. “ಖರೇ ಐತ್ರಿ,” ಅಂದ. “ನಾವೆಲ್ಲ ಸುಮ್ನ ನಿಂತಿದ್ವಿ.”

“ಇವನ ಕಾಲೂ ಮುರಿದ್ರ ಯಾರು ನೋಡ್ಕೊಂತಾರ?” ಹಂಪಕ್ಕ ಯಲ್ಲೇಶನ ಕಡೆ ಕೈ ಮಾಡಿದಳು.

“ನಾವಿದೀವಲ್ಲ ಹಂಪಕ್ಕ…”

“ನಿಮ್ಮಪ್ಪಾರೂ ಹಿಂಗ ಅಂದಿದ್ರು.”

ಯಲ್ಲೇಶ ಮೊಣಕಾಲಿನ ಮೇಲಿಂದ ಕೈ ತೆಗೆದ. ಮಾವನ ಎದೆಯ ಮೇಲಿನ ಜೆರ್ಸಿಯನ್ನು ಎತ್ತಿದ, ಮಡಚಿ ಅತ್ತೆಯ ಕೈಗೆ ಕೊಟ್ಟ.

“ಪುಕ್ಕಟೆ ಆಡಂಗಿಲ್ರಿ,” ಅಂದ ಜಂಬುನಾಥನಿಗೆ. “ಮಾವ ಇದ್ದಿದ್ರ ಬೈತಿದ್ರು.”

ಕ್ಯಾಮೆರಾದವನು ಸದ್ದಿಲ್ಲದೆ ಹೊರಗೆ ಸರಿದ. ಜಂಬುನಾಥ್ ಹೊರಡಬಹುದಿತ್ತು, ಆದರೆ ಹೋಗಲಿಲ್ಲ. ಮಣ್ಣಿಗೆ ಬಂದವನು ಅರ್ಧಕ್ಕೆ ಎದ್ದು ಹೋದರೆ ಜನ ಏನಂದಾರು ಅಂತಲೋ, ಹೆಗಲ ಮೇಲೆ ಕುಣಿಸಿದ ನೆನಪಿಗೋ, ಅಂತೂ ಎಲ್ಲರ ಹಿಂದೆ ಬರಿಗಾಲಲ್ಲಿ ನಡೆದ.

*

ಕುಣಿಯನ್ನು ಬಲಗಡೆ ಒಂದು ಮೊಳ ಉದ್ದ ತೋಡಿದ್ದರು. ಎರ್ರಿಯಪ್ಪ ಅದರಲ್ಲಿ ಕಾಲು ಚಾಚಿಯೇ ಕೂತ. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಜಂಬುನಾಥನೂ ಹಾಕಿದ.

ಮಣ್ಣಿನಿಂದ ತಿರುಗಿ ಬಂದವರು ಕಾಲು ತೊಳೆದು, ಹೆಣ ಕೂಡಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿಯೇ ತಮ್ಮ ಮನೆಗಳಿಗೆ ಹೋಗಬೇಕು. ಹಂಪಕ್ಕ ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದಳು. ಹೊಸ್ತಿಲಿನ ಹೊರಗೆ, ಕಾಲೊರೆಸುವ ಗೋಣಿತಟ್ಟು ಇರುವ ಜಾಗದಲ್ಲಿ, ಹಳದಿ ಜೆರ್ಸಿ ಹಾಸಿತ್ತು. ಎದೆಯ ಮೇಲಿನ ಅಕ್ಷರಗಳು ಮೇಲಾಗಿದ್ದವು.

ಮುಂದೆ ಬಂದವರು ನಿಂತರು. ಪಕೀರಪ್ಪ ಅತ್ತಿತ್ತ ನೋಡಿ, ಹಿಂದಿನವರಿಗೆ ದಾರಿ ಬಿಡುವವನಂತೆ ಪಕ್ಕಕ್ಕೆ ಸರಿದ. ಆಗ ಗವಿಸಿದ್ದಪ್ಪ ಎಲ್ಲರನ್ನೂ ದಾಟಿ ಬಂದ. ಹಂಪಕ್ಕ ನೀರು ಹಾಕಿದಳು. ಅವನು ಒಂದು ಕಾಲು ಒರೆಸಿದ, ಇನ್ನೊಂದು ಕಾಲು ಒರೆಸಿದ, ಬೆರಳ ಸಂದಿಯ ಮಣ್ಣೂ ಹೋಗುವಂತೆ ಮತ್ತೊಮ್ಮೆ ಒರೆಸಿದ. ಒಳಗೆ ಹೋಗಿ ದೀಪಕ್ಕೆ ಕೈಮುಗಿದ. ಹಿಂದೆ ಯಲ್ಲೇಶ. ಅವನ ಹಿಂದೆ ಓಣಿಯವರು ಒಬ್ಬೊಬ್ಬರಾಗಿ ಬಂದರು. ಕೊನೆಗೆ ಪಕೀರಪ್ಪನೂ ಒರೆಸಿದ.

ಎಲ್ಲರೂ ಒಳಗೆ ಹೋದ ಮೇಲೆ ಹೊರಗೆ ಉಳಿದವನು ಜಂಬುನಾಥ್ ಒಬ್ಬನೇ. ಅಷ್ಟೊತ್ತಿಗೆ ಹಳದಿ ಬಣ್ಣ ಗುರುತು ಸಿಗದಂತೆ ಕೆಂಪಾಗಿತ್ತು. ಕಂಪನಿಯ ಹೆಸರು ಮಾತ್ರ ಇನ್ನೂ ಓದಲು ಬರುತ್ತಿತ್ತು.

“ಬರ್ರಿ, ಸಾವ್ಕಾರ್ರ,” ಅಂದಳು ಹಂಪಕ್ಕ. ಅವನ ಕಾಲಿಗೂ ನೀರು ಹಾಕಿ, ಖಾಲಿ ಕೊಡ ಕೆಳಗಿಟ್ಟು, ಅಲ್ಲೇ ನಿಂತಳು. ಒಳಗೆ ದೀಪ ಉರಿಯುತ್ತಿತ್ತು. ಜಂಬುನಾಥ್ ಒಂದು ಕಾಲು ಎತ್ತಿದವನು ಎತ್ತಿಕೊಂಡೇ ನಿಂತ. ಪಾದದಿಂದ ಕೆಂಪು ನೀರು ಜೆರ್ಸಿಯ ಮೇಲೆ ತೊಟ್ಟಿಕ್ಕುತ್ತಿತ್ತು.